ಪಂಚೆಯ ಕೀಲಿಕೈ

ನಮ್ಮ ಊರಿಗೆ ದಿನಾ ನಾಲ್ಕು ಗಂಟೆಗೆ ಗಾಳಿ ಬರುತ್ತದೆ. ಬಂದು, ಹತ್ತು ಹನ್ನೆರಡು ಮನೆಗಳಿಂದ ಒಂದೊಂದು ಸಾಮಾನು ಎತ್ತಿಕೊಂಡು, ಬೇರೆ ಹತ್ತು ಹನ್ನೆರಡು ಮನೆಗಳಲ್ಲಿ ಇಟ್ಟು ಹೋಗುತ್ತದೆ. ಕಿಟಕಿ ಹಾಕಿದ್ದರೂ ಅಷ್ಟೆ, ತೆಗೆದಿದ್ದರೂ ಅಷ್ಟೆ. ಒಡೆಯುವುದಿಲ್ಲ, ಚೆಲ್ಲುವುದಿಲ್ಲ. ಒಮ್ಮೆ ನಮ್ಮ ಎದುರು ಮನೆಯವರ ಸಾರಿನ ಪಾತ್ರೆ ಒಂದು ತೊಟ್ಟೂ ತುಳುಕದೆ ದರ್ಜಿಯ ಹೊಲಿಗೆ ಮಿಷನ್ನಿನ ಮೇಲೆ ಹೋಗಿ ಕೂತಿತ್ತು, ಇನ್ನೂ ಹಬೆಯಾಡುತ್ತಿತ್ತಂತೆ. ಕೈಯಲ್ಲಿ ಹಿಡಿದಿದ್ದನ್ನು ಮಾತ್ರ ಗಾಳಿ ಮುಟ್ಟುವುದಿಲ್ಲ. ಹಾಗಾಗಿ ನಾಲ್ಕಕ್ಕೆ ಐದು ನಿಮಿಷ ಇರುವಾಗ ನಾವೆಲ್ಲ ನಮಗೆ ಬೇಕಾದ್ದನ್ನು ಕೈಗೆ ತೆಗೆದುಕೊಂಡು ನಿಲ್ಲುತ್ತೇವೆ. ಬಸ್ಸಿನಲ್ಲಿ ಹಾದುಹೋಗುವ ಪರಊರಿನವರು, ಪೋಸ್ಟ್‌ಮಾಸ್ಟರು ಮೊಹರು ಹಿಡಿದು, ಒಬ್ಬಾಕೆ ಇಡ್ಲಿ ತಟ್ಟೆ ಹಿಡಿದು, ಒಬ್ಬ ಮುದುಕ ತನ್ನ ಹಲ್ಲಿನ ಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆಬದಿಯಲ್ಲಿ ನಿಂತಿರುವುದನ್ನು ಕಂಡು ಇದೇನೋ ವ್ರತ ಇರಬೇಕು ಅಂದುಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದವರು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ಮೂರು ವರ್ಷ ಕಳೆದ ಮೇಲೆ ಗಂಡನ ಕೈಯಲ್ಲಿ ಟಿವಿ ರಿಮೋಟು, ಹೆಂಡತಿಯ ಕೈಯಲ್ಲಿ ಮಿಕ್ಸಿ ಜಾರು. ನಾನು ಕನ್ನಡಕ ಹಿಡಿದುಕೊಳ್ಳುತ್ತೇನೆ. ಮಿಕ್ಕಿದ್ದು ಏನು ಹೋದರೂ ಹುಡುಕುವುದಕ್ಕೆ ಕಣ್ಣು ಬೇಕಲ್ಲ.

ಹೋದದ್ದು ಊರು ಬಿಟ್ಟು ಹೋಗುವುದಿಲ್ಲ. ಎಲ್ಲಿದೆ ಎಂದು ವಿಚಾರಿಸಬೇಕು, ಅಷ್ಟೆ. ಮೊದಲು ಸಂಜೆಯಾದರೆ ಇಡೀ ಊರು ಬೀದಿಯಲ್ಲಿ ಇರುತ್ತಿತ್ತು, ಬಾಗಿಲಿಂದ ಬಾಗಿಲಿಗೆ ಕೇಳಿಕೊಂಡು. ಹದಿನೆಂಟು ವರ್ಷದ ಹಿಂದೆ ಅಶ್ವತ್ಥಯ್ಯ ಮೇಷ್ಟ್ರ ಪಂಚೆ ಹೋಯಿತು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು, ಎದುರಿಗೆ ಬಂದರೆ ದೊಡ್ಡವರೂ ಸೈಕಲ್ಲಿನಿಂದ ಇಳಿಯುತ್ತಿದ್ದರು. ಹೋದದ್ದು ಮಗಳ ನಿಶ್ಚಿತಾರ್ಥಕ್ಕೆಂದು ತಂದ ಜರಿಯಂಚಿನ ಪಂಚೆ. ಮನೆಮನೆಗೂ ಹೋಗಿ ನನ್ನ ಪಂಚೆ ನೋಡಿದಿರಾ ಎಂದು ಕೇಳುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ. ಅವರ ಹಳೆಯ ಶಿಷ್ಯ ನಂಜುಂಡಿಗೆ ಅದು ಅರ್ಥವಾಯಿತು. ಪೇಟೆಬೀದಿಯಲ್ಲಿ ರೇಡಿಯೋ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು ಅವನು. ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದ. ಯಾರಿಗೆ ಏನು ಸಿಕ್ಕಿತು ಅನ್ನುವುದನ್ನು ಸಿಕ್ಕಿದವರು ಅದರಲ್ಲಿ ಹಾಕಿದರೆ ಕಳೆದುಕೊಂಡವರು ಮನೆಯಲ್ಲೇ ಕೂತು ನೋಡಿಕೊಳ್ಳಬಹುದು, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಪಂಚೆ ಹುಡುಗಿಯರ ಹಾಸ್ಟೆಲಿನಲ್ಲಿ ಸಿಕ್ಕಿತು. ಪ್ರೋಗ್ರಾಮಿಗೆ ನಂಜುಂಡಿ ಹೆಸರಿಟ್ಟಿರಲಿಲ್ಲ. ಮೇಷ್ಟ್ರ ಪಂಚೆ ಸಿಕ್ಕಿತಲ್ಲ, ಅದರಲ್ಲಿ ನೋಡು ಎಂದು ಜನ ಶುರುಮಾಡಿ, ಆರು ತಿಂಗಳಲ್ಲಿ ಅದು ಬರೀ 'ಪಂಚೇಲಿ ನೋಡು' ಆಯಿತು.

ಪಂಚೆಯ ಮೊದಲ ಪುಟದಲ್ಲಿ ನಂಜುಂಡಿ ಎರಡು ಸಾಲು ಬರೆದಿದ್ದ: ಇದರ ಒಳಗು ಹೊರಗು ಎಲ್ಲರಿಗೂ ತೆರೆದಿದೆ, ನೋಡಿ, ತಿದ್ದಿ, ಬೇಕಾದರೆ ನಕಲು ಮಾಡಿಕೊಂಡು ಹೋಗಿ. ಹಾಗೆ ತಿದ್ದುತ್ತ ತಿದ್ದುತ್ತ ಬೇಕರಿಯವರು, ನರ್ಸುಗಳು, ಲೈನ್‌ಮನ್ನುಗಳು ಎಲ್ಲ ಪ್ರೋಗ್ರಾಂ ಬರೆಯುವುದು ಕಲಿತರು. ಪದ್ಧತಿಯೂ ತಾನಾಗಿ ಬೆಳೆಯಿತು. ಯಾರೇ ಏನೇ ತಿದ್ದಿದರೂ ಯಾಕೆ ತಿದ್ದಿದೆ ಎಂದು ಒಂದು ವಾಕ್ಯ ಬರೆದು ಮೂರು ದಿನ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಅಷ್ಟರಲ್ಲಿ ಯಾರಾದರೂ ಕಾರಣ ಕೊಟ್ಟು 'ಬೇಡ' ಅಂದರೆ ನಿಲ್ಲಿಸಬೇಕು. ಯಾರೂ ಏನೂ ಅನ್ನದಿದ್ದರೆ ನಾಲ್ಕನೆಯ ದಿನ ನಂಜುಂಡಿ ಕೀಲಿ ತಿರುಗಿಸಿ ಒಳಗೆ ಸೇರಿಸುತ್ತಾನೆ. ಕೀಲಿ ಅಂದರೆ ಕಬ್ಬಿಣದ್ದಲ್ಲ, ಅರವತ್ತನಾಲ್ಕು ಅಕ್ಷರದ ಪಾಸ್‌ವರ್ಡು. ಒಂದು ಹಳದಿ ರಟ್ಟಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬೇರೆ ಎಲ್ಲಿಯೂ ಬರೆದಿಡಲಿಲ್ಲ. ಎರಡು ಕಡೆ ಇದ್ದರೆ ಅದು ಗುಟ್ಟು ಹೇಗಾಗುತ್ತದೆ ಅನ್ನುತ್ತಿದ್ದ. ನಾಲ್ಕು ಗಂಟೆಗೆ ಅವನ ಕೈಯಲ್ಲಿ ಇರುತ್ತಿದ್ದದ್ದು ಆ ರಟ್ಟೇ.

ನಾನು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಪಂಚೆಗೆ ಸೂಚನೆಗಳನ್ನು ಬರೆಯುವ ಕೆಲಸ ಹಿಡಿದೆ. ಜನ 'ಒಂದು ಡಬ್ಬಿ ಸಿಕ್ಕಿದೆ' ಎಂದು ಹಾಕಿ ಸುಮ್ಮನಾಗುತ್ತಿದ್ದರು. ಡಬ್ಬಿ ಇಲ್ಲದ ಮನೆ ಯಾವುದು? ಬಣ್ಣ ಬರೆಯಿರಿ, ಅಳತೆ ಬರೆಯಿರಿ, ವಸ್ತುವಿನ ಮೇಲೆ ಏನಾದರೂ ಬರೆದಿದ್ದರೆ ಒಂದಕ್ಷರವೂ ಬಿಡದೆ ಇಳಿಸಿ, ಫೋಟೋ ಹಾಕಿ ಎಂದು ನಾನೇ ಬರೆದೆ. ಈ ಕೊನೆಯ ಸೂಚನೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹೋದ ಆಷಾಢದಲ್ಲಿ ನಂಜುಂಡಿಗೆ ಒಂಬತ್ತು ದಿನ ಜ್ವರ ಬಂತು. ಮಲಗುವ ಮುಂಚೆ ಅವನೇ ಮಾಡಿದ ಒಂದು ತಿದ್ದುಪಡಿಯಲ್ಲಿ ಏನೋ ಎಡವಟ್ಟಾಗಿ, ಊರಿನಲ್ಲಿ ಎಲ್ಲಿ ಏನು ಸಿಕ್ಕಿದರೂ ಪಂಚೆಯಲ್ಲಿ ಕುಂಬಾರ ಬೀದಿ ಹದಿನಾಲ್ಕನೇ ನಂಬರು ಎಂದೇ ಕಾಣತೊಡಗಿತು. ಅಲ್ಲಿ ಇರುವವಳು ಗಿರಿಜಮ್ಮ, ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಓಲೆ ಕಳೆದವರು, ಕೊಡೆ ಕಳೆದವರು, ಹಲ್ಲಿನ ಸೆಟ್ಟು ಕಳೆದವರು, ಎಲ್ಲರೂ ಅವಳ ಬಾಗಿಲಿಗೆ. ಮೊದಲ ದಿನ ಎಲ್ಲರನ್ನೂ ಕೂರಿಸಿ ಮಜ್ಜಿಗೆ ಕೊಟ್ಟಳು. ನಾಲ್ಕನೆಯ ದಿನ ಬಾಗಿಲಿಗೆ ಬೋರ್ಡು ಹಾಕಿದಳು: 'ಇಲ್ಲಿ ಏನೂ ಸಿಕ್ಕಿಲ್ಲ. ಮಜ್ಜಿಗೆ ಇದೆ.' ತಪ್ಪು ಎಲ್ಲಿದೆ ಎಂದು ಮೂವತ್ತು ಜನಕ್ಕೆ ಗೊತ್ತಿತ್ತು. ತಿದ್ದುಪಡಿ ಬರೆದು ತೂಗುಹಾಕಿ ಮೂರು ದಿನವೂ ಆಗಿತ್ತು. ಕೀಲಿ ಮಾತ್ರ ಜ್ವರದಲ್ಲಿ ಮಲಗಿದ್ದವನ ಜೇಬಿನಲ್ಲಿತ್ತು. ಎದ್ದು ಕೂತ ದಿನವೇ ಅವನು ಅದನ್ನು ಸೇರಿಸಿದ, ನಿಜ. ಆದರೆ ಆ ಒಂಬತ್ತು ದಿನ ಎಲ್ಲರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಕೂತುಬಿಟ್ಟಿತು. ಬಾಯಿಬಿಟ್ಟು ಕೇಳುವುದು ಹೇಗೆ?

ಕೇಳಿದವಳು ಜೋಹರಾ. ವಕೀಲೆ, ನನ್ನ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಓದಿ ಮುಂದೆ ಬಂದ ಹುಡುಗಿ, ಪಂಚೆಯ ಕೆಲಸದಲ್ಲೂ ಚುರುಕು. ಒಂದು ಪ್ರತಿಷ್ಠಾನ ಮಾಡೋಣ, ಕೀಲಿ ಐದು ಜನರ ಹತ್ತಿರ ಇರಲಿ, ಯಾರಿಗೆ ಜ್ವರ ಬಂದರೂ ಪಂಚೆಗೆ ಬರುವುದು ಬೇಡ ಅಂದಳು. ನೋಂದಣಿ ಕಚೇರಿಗೂ ತಾನೇ ಹೋಗಿ ಬಂದಳು. ಅಲ್ಲಿನ ಗುಮಾಸ್ತ ಹೆಸರು ನೋಡಿ, ಪಂಚೆ ಅಂದರೆ ಜವಳಿ ವಿಭಾಗ, ನಿಮ್ಮಲ್ಲಿ ಎಷ್ಟು ಮಗ್ಗ ಇವೆ ಎಂದು ಕೇಳಿದನಂತೆ. ಇದು ಬಟ್ಟೆಯದಲ್ಲ, ಕಳೆದ ಸಾಮಾನಿನದು ಎಂದು ಅರ್ಧ ಗಂಟೆ ಹೇಳಿದರೂ ಫಾರಂ ಅವಳ ಕೈಗೆ ವಾಪಸ್ಸು ಬಂತು. ಹೀಗಾಗಿ ಪ್ರತಿಷ್ಠಾನದ ಜೊತೆಗೆ ಹೊಸ ಹೆಸರಿನ ತಲೆನೋವೂ ಹುಟ್ಟಿಕೊಂಡಿತು.

ಭಾನುವಾರ ಬೆಳಿಗ್ಗೆ ಹುಡುಗಿಯರ ಶಾಲೆಯ ಡ್ರಾಯಿಂಗ್ ಹಾಲಿನಲ್ಲಿ ಸಭೆ. ಮಕ್ಕಳ ಬೆಂಚುಗಳ ಮೇಲೆ ಮಂಡಿ ಎದೆಗೆ ತಗಲುವಂತೆ ಎಂಬತ್ತು ಜನ ಕೂತಿದ್ದೆವು. ಹೆಸರಿನಿಂದ ಶುರುವಾಯಿತು. ಬೇಕರಿ ಸ್ಟೀಫನ್ 'ತಂಗಾಳಿ' ಅಂದ. ಗರಡಿಯ ಹನುಮಂತು 'ವಾಯುಪುತ್ರ' ಅಂದ. ತಂಗಾಳಿ ಅಂದರೆ ಫ್ಯಾನಿನ ಕಂಪನಿ ಅನ್ನಿಸುತ್ತದೆ ಎಂದು ಹನುಮಂತು, ವಾಯುಪುತ್ರ ಅಂದರೆ ಜನ ತೆಂಗಿನಕಾಯಿ ಒಡೆಯುವುದಕ್ಕೆ ಬರುತ್ತಾರೆ ಎಂದು ಸ್ಟೀಫನ್. 'ಮರಳಿ ಮನೆಗೆ' ಎಂದು ಯಾರೋ ಹೇಳಿದ್ದಕ್ಕೆ, ಅದು ಕುಡಿತ ಬಿಡಿಸುವ ಕೇಂದ್ರದ ಹೆಸರು ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಒಂದು ಗಂಟೆಯಲ್ಲಿ ಕಪ್ಪು ಹಲಗೆಯ ಮೇಲೆ ನಲವತ್ತಮೂರು ಹೆಸರು ನಿಂತಿದ್ದವು, ಒಂದೊಂದರ ಹಿಂದೆಯೂ ಒಬ್ಬ ಮುನಿಸಿಕೊಂಡವನು. ಪಂಚೆ ಅನ್ನುವುದೇ ಇರಲಿ, ಗುಮಾಸ್ತನಿಗೆ ಎರಡು ಮಗ್ಗ ತೋರಿಸಿಬಿಡೋಣ ಅನ್ನುವ ಪಂಗಡವೂ ಸಣ್ಣದಿರಲಿಲ್ಲ.

ಆಗ ಅಶ್ವತ್ಥಯ್ಯ ಮೇಷ್ಟ್ರು ಎದ್ದರು. ಎಂಬತ್ತೆರಡು ವರ್ಷ. ಅವರು ನಿಂತಕೂಡಲೇ ಅಭ್ಯಾಸಬಲದಿಂದ ಅರ್ಧ ಹಾಲು ಎದ್ದು ನಿಂತಿತು.

"ಕೂತ್ಕೊಳ್ಳಿ," ಅಂದರು. "ನನ್ನದೊಂದು ಸಣ್ಣ ವಿಜ್ಞಾಪನೆ. ಹದಿನೆಂಟು ವರ್ಷದಿಂದ ಈ ಊರು ನನ್ನ ಪಂಚೆ ಹಿಡ್ಕೊಂಡಿದೆ. ಈಗಲಾದ್ರೂ ಬಿಟ್ರೆ ಉಪಕಾರ ಆಗುತ್ತೆ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಕೂತ ಮೇಲೆ ಕೈವಸ್ತ್ರ ತೆಗೆದು ಸುಮ್ಮನೆ ಮಡಿಸುತ್ತ ಇದ್ದದ್ದನ್ನು ನಾನು ನೋಡಿದೆ. ಮೊಮ್ಮಕ್ಕಳ ಮದುವೆ ಮನೆಯಲ್ಲೂ ಅವರನ್ನು 'ಪಂಚೆ ಮೇಷ್ಟ್ರು' ಎಂದೇ ಪರಿಚಯ ಮಾಡುತ್ತಾರೆ. ಅದು ನಮಗೆ ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೆಸರು ಮುಂದಿನ ವಾರಕ್ಕೆ ಹೋಯಿತು. ಕೀಲಿಯ ವಿಷಯ ಬಂತು. ಜೋಹರಾ ನಿಧಾನವಾಗಿ, ಮರ್ಯಾದೆಯಿಂದಲೇ ಹೇಳಿದಳು: ಐದು ಜನರಲ್ಲಿ ಮೊದಲನೆಯವರು ನಂಜುಂಡಣ್ಣನೇ, ಮಿಕ್ಕ ನಾಲ್ವರನ್ನೂ ಅವರೇ ಆರಿಸಲಿ. ನಂಜುಂಡಿ ಕೊನೆಯ ಬೆಂಚಿನಲ್ಲಿ ಬಾಗಿಲ ಪಕ್ಕ ಕೂತಿದ್ದ. ಅಲ್ಲಿಂದಲೇ, "ಕೀಲಿ ಕೊಡಲ್ಲ," ಅಂದ. ಕಾರಣ ಹೇಳಲಿಲ್ಲ. ನಮ್ಮಲ್ಲಿ ಕಾರಣವಿಲ್ಲದ 'ಬೇಡ'ಕ್ಕೆ ಬೆಲೆಯಿಲ್ಲ. ಆ ನಿಯಮ ಮಾಡಿದವನೂ ಅವನೇ. ಜೋಹರಾಳ ಮುಖ ಕೆಂಪಾಯಿತು. ಪಂಚೆಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು ಎಂದು ನೀವೇ ಮೊದಲ ಪುಟದಲ್ಲಿ ಬರೆದಿದ್ದೀರಿ, ಗತಿಯಿಲ್ಲದಿದ್ದರೆ ನಾವು ನಕಲು ಮಾಡಿಕೊಂಡು ಬೇರೆ ನಡೆಸಬೇಕಾಗುತ್ತದೆ ಅಂದಳು. ಅನ್ನಬಾರದಿತ್ತು ಎಂದು ಅಂದ ತಕ್ಷಣ ಅವಳಿಗೇ ಅನ್ನಿಸಿರಬೇಕು. ನಂಜುಂಡಿ ಎದ್ದು ಹೊರಟುಹೋದ.

ಎರಡು ಪಂಚೆ ಆದರೆ ಏನಾಗುತ್ತದೆ ಎಂದು ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಿಕ್ಕಿದವನು ಒಂದರಲ್ಲಿ ಹಾಕುತ್ತಾನೆ, ಕಳೆದವನು ಇನ್ನೊಂದರಲ್ಲಿ ನೋಡುತ್ತಾನೆ. ಮತ್ತೆ ಬಾಗಿಲಿಂದ ಬಾಗಿಲಿಗೆ ಅಲೆಯುವ ಕಾಲ. ಎಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡದೆ ಬೆಂಚುಗಳನ್ನು ಗೋಡೆಗೆ ಸರಿಸಿ ಮನೆಗೆ ಹೋದೆವು.

ಮರುದಿನ ಮಧ್ಯಾಹ್ನ ನಂಜುಂಡಿಯನ್ನು ಕರೆಸಿದೆ. ರೇಡಿಯೋ ಕೆಟ್ಟಿದೆ ಎಂದು ಹೇಳಿಕಳಿಸಿದ್ದೆ. ಬಂದು, ರೇಡಿಯೋ ತಿರುಗಿಸಿ ನೋಡಿ, "ಇದು ಚೆನ್ನಾಗೇ ಇದೆಯಲ್ಲಕ್ಕಾ," ಅಂದ. ಹೌದು, ಚೆನ್ನಾಗೇ ಇದೆ, ಅವಲಕ್ಕಿ ತಿನ್ನು ಅಂದೆ. ಕಡಲೆಬೀಜ ಆರಿಸಿ ಆರಿಸಿ ತಿಂದ. ನಾನು ಏನೂ ಕೇಳಲಿಲ್ಲ. ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತವಳಿಗೆ ಸುಮ್ಮನಿರುವುದು ಬರುತ್ತದೆ.

"ಕೀಲಿ ಕೊಟ್ಟ ಮೇಲೆ ನಾನೇನಕ್ಕಾ?" ಅಂದ ಕೊನೆಗೆ. "ರೇಡಿಯೋ ರಿಪೇರಿ ಮಾಡೋನು. ರೇಡಿಯೋ ಈಗ ಯಾರ ಮನೇಲಿದೆ? ನಿಮ್ಮ ಮನೇಲಿದೆ. ಅದೂ ಕೆಡಲ್ಲ."

ಕಾಫಿ ತರುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಅವನು ಜೇಬಿನಿಂದ ಹಳದಿ ರಟ್ಟು ತೆಗೆದು ಹಿಡಿದ. ನಾನು ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟುವಾಗ, ಕನ್ನಡಕ ಕಣ್ಣಿನ ಮೇಲಿಲ್ಲದ್ದರಿಂದ ಹೊಸ್ತಿಲೇ ಕಾಣಲಿಲ್ಲ. ಎಡವಿ ಮುಂದಕ್ಕೆ ಬಿದ್ದೆ. ಬೀಳಲಿಲ್ಲ, ನಂಜುಂಡಿ ಹಾರಿ ಬಂದು ಎರಡು ಕೈಯಲ್ಲೂ ನನ್ನ ರಟ್ಟೆ ಹಿಡಿದಿದ್ದ. ಗಾಳಿ ಬಂತು, ಕ್ಯಾಲೆಂಡರಿನ ಹಾಳೆ ಒಮ್ಮೆ ಮೇಲೆದ್ದು ಕೂತಿತು, ಗಾಳಿ ಹೋಯಿತು. ನೆಲದ ಮೇಲೆ ಕಾಫಿ ಇತ್ತು. ರಟ್ಟು ಇರಲಿಲ್ಲ.

ಅವನು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ಉಳುಕಿದೆಯಾ ಎಂದು ನೋಡಿ, ನೆಲ ಒರೆಸಿ, ಆಮೇಲೆ ತಾನು ಕೂತ. ಪಂಚೆಯಲ್ಲಿ ಹಾಕೋಣ, ಹಳದಿ ರಟ್ಟು ಕಳೆದಿದೆ ಎಂದು, ಅಂದೆ. "ನಿನ್ನೆ ಊರಿನ ಮುಂದೆ ಕೊಡಲ್ಲ ಅಂದೋನು, ಇವತ್ತು ಕಳ್ಕೊಂಡೆ ಅಂತ ಹಾಕ್ಲಾ?" ಅಂದ. ಹೊಸ ಕೀಲಿ ಮಾಡಲು ಹಳೆಯ ಕೀಲಿ ಬೇಕು. ಅರವತ್ತನಾಲ್ಕು ಅಕ್ಷರದಲ್ಲಿ ಅವನಿಗೆ ಬಾಯಿಗೆ ಬರುತ್ತಿದ್ದದ್ದು ಹನ್ನೊಂದು. ಯಾರಿಗೆ ಸಿಕ್ಕಿದರೂ ಪಂಚೆ ಅವರ ಕೈಗೆ ಹೋದಂತೆ. ಬೈಯಬಹುದಿತ್ತು, ಬೈಯಲಿಲ್ಲ. ಹೊರಡುವಾಗ ಹೊಸ್ತಿಲಿಗೆ ನಾಳೆ ಬಿಳಿ ಬಣ್ಣ ಹೊಡೆದುಕೊಡುತ್ತೇನೆ, ಕಾಣುತ್ತದೆ ಅಂದ.

ಬೆಳಿಗ್ಗೆ ಎದ್ದು, ರೂಢಿಯಂತೆ ಸೂಚನೆಗಳನ್ನು ಜನ ಪಾಲಿಸಿದ್ದಾರೆಯೇ ಎಂದು ನೋಡಲು ಪಂಚೆ ತೆರೆದೆ. ಮೇಲಿನಿಂದ ಮೂರನೆಯದು ಅಶ್ವತ್ಥಯ್ಯ ಮೇಷ್ಟ್ರದು. 'ವಸ್ತು: ರಟ್ಟಿನ ಚೀಟಿ. ಬಣ್ಣ: ಹಳದಿ. ಅಳತೆ: ಉದ್ದ ನಾಲ್ಕು ಅಂಗುಲ, ಅಗಲ ಎರಡು. ಸಿಕ್ಕ ಸ್ಥಳ: ಕೊಡೆಯೊಳಗೆ. ಮೇಲೆ ಬರೆದಿರುವುದು:' ಎಂದು ಹಾಕಿ, ಅದರ ಕೆಳಗೆ ಅರವತ್ತನಾಲ್ಕು ಅಕ್ಷರಗಳು, ಒಂದೂ ಬಿಡದೆ. ಪಕ್ಕದಲ್ಲಿ ಫೋಟೋ. ಫೋಟೋ ಸ್ವಲ್ಪ ಮಬ್ಬಾಗಿದೆ ಎಂದು ಕ್ಷಮೆ ಕೇಳಿ, ಅನುಮಾನ ಬರಬಹುದಾದ ಅಕ್ಷರಗಳನ್ನು ಇನ್ನೊಮ್ಮೆ ಬಿಡಿಸಿ ಬರೆದಿದ್ದರು. ನನ್ನ ಸೂಚನೆಯನ್ನು ಇಷ್ಟು ಚೆನ್ನಾಗಿ ಪಾಲಿಸಿದವರು ಆವರೆಗೆ ಒಬ್ಬರೂ ಇರಲಿಲ್ಲ. ಅದನ್ನು ಆಗಲೇ ಆರುನೂರ ಹತ್ತು ಜನ ನೋಡಿದ್ದರು.

ಚಪ್ಪಲಿ ಅದಲುಬದಲು ಹಾಕಿಕೊಂಡು ಅಂಗಡಿಗೆ ಓಡಿದೆ. ನಂಜುಂಡಿ ಆಗಷ್ಟೇ ಬಾಗಿಲು ಎತ್ತುತ್ತಿದ್ದ. ಫೋನು ಅವನ ಮುಖದ ಮುಂದೆ ಹಿಡಿದೆ. ಓದಿದ. ಓದುತ್ತ ಓದುತ್ತ ಸ್ಟೂಲಿನ ಮೇಲೆ ಕೂತ. ಆಮೇಲೆ ತನ್ನದೇ ಕೀಲಿಯನ್ನು ಮೇಷ್ಟ್ರ ಬರಹದಿಂದ ಒಂದೊಂದೇ ಅಕ್ಷರ ನೋಡಿ ಕಂಪ್ಯೂಟರಿಗೆ ಹಾಕಿ, ಪಂಚೆಯ ದಾಖಲೆ ತೆರೆದ. ನಿನ್ನೆ ಸಂಜೆಯಿಂದ ಹನ್ನೆರಡು ತಿದ್ದುಪಡಿ ಒಳಗೆ ಸೇರಿದ್ದವು. ಮುಗಿಯಿತು ಅಂದುಕೊಂಡೆ.

ಅವನು ಮೊದಲನೆಯದನ್ನು ಓದಿದ, ಎರಡನೆಯದನ್ನು ಓದಿದ. ಕುರುಡಾಗುತ್ತಿರುವ ದರ್ಜಿಗಾಗಿ ಪಟ್ಟಿಯನ್ನು ಗಟ್ಟಿಯಾಗಿ ಓದಿಹೇಳುವ ಅನುಕೂಲ. ಯಾವುದೋ ಬೀದಿಯ ಹೆಸರಿನ ಕಾಗುಣಿತ. ಜ್ವರ ಬಂದಾಗಿನಿಂದ ಅವನ ಮೇಜಿನಲ್ಲಿ ಬಾಕಿ ಬಿದ್ದಿದ್ದ ತಿದ್ದುಪಡಿಗಳೇ ಅವು. ಒಂದೊಂದೂ ಮೂರು ದಿನ ತೂಗಿ, ಯಾರೂ ಬೇಡ ಅನ್ನದೆ ಕೀಲಿಗಾಗಿ ಕಾಯುತ್ತಿದ್ದವು. ತೂಗಿ ಎರಡೇ ದಿನ ಆಗಿದ್ದ ಒಂದು, ಅವುಗಳ ಪಕ್ಕದಲ್ಲೇ, ಯಾರೂ ಮುಟ್ಟದೆ ಹಾಗೇ ಇತ್ತು.

ಹನ್ನೆರಡನೆಯದನ್ನು ಓದುತ್ತ ನಿಂತುಬಿಟ್ಟ. ನಾನು ಬಗ್ಗಿ ನೋಡಿದೆ. ಬರೆದವಳು ಕುಂಬಾರ ಬೀದಿಯ ಗಿರಿಜಮ್ಮ. ಒಂಬತ್ತು ದಿನ ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು, ಮಜ್ಜಿಗೆ ಕೊಟ್ಟು, ಈ ಪ್ರೋಗ್ರಾಂ ಅಂದರೇನು, ಇದರಲ್ಲಿ ನನ್ನ ಮನೆ ಎಲ್ಲಿದೆ ತೋರಿಸಿ ಎಂದು ಕೇಳಿ ಕೇಳಿ ಕಲಿತಿದ್ದಳಂತೆ. ಸಣ್ಣ ಸಾಮಾನಿನ ವಿಳಾಸ ಸರಿಯಾಗಿದ್ದರೂ ಕೊಡೆ, ಕೋಲು ಮುಂತಾದ ಉದ್ದದವು ಇನ್ನೂ ಅವಳ ಮನೆಯನ್ನೇ ತೋರಿಸುತ್ತಿದ್ದವು; ನಂಜುಂಡಿಯ ಎಡವಟ್ಟು ಅರ್ಧ ಉಳಿದಿತ್ತು. ಅದನ್ನು ಅವಳು ತಿದ್ದಿದ್ದಳು. ಯಾಕೆ ತಿದ್ದಿದೆ ಅನ್ನುವಲ್ಲಿ ಹೀಗೆ ಬರೆದಿದ್ದಳು: 'ಈ ಸಾಲು ಬರೆಯುವಾಗ ಬರೆದವರಿಗೆ ಆಗಲೇ ಮೈ ಕಾಯುತ್ತಿತ್ತು ಎಂದು ಕಾಣುತ್ತದೆ. ಮೊದಲಿನ ಸಾಲುಗಳು ಚೆನ್ನಾಗಿವೆ.'

"ಓದಿದ್ದಾಳೆ," ಅಂದ ನಂಜುಂಡಿ. "ಮೊದಲಿನ ಸಾಲೂ ಓದಿದ್ದಾಳೆ."

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಜೋಹರಾ ಹೆಲ್ಮೆಟ್ಟು ತೆಗೆಯದೆ ಒಳಗೆ ಬಂದಳು.

"ನಂಜುಂಡಣ್ಣ, ಇನ್ನೂ ಬದಲಾಯಿಸಿಲ್ವಾ? ಇಡೀ ಊರಿಗೇ ಗೊತ್ತಾಗಿದೆ. ಬೇಗ ಹೊಸ ಕೀಲಿ ಹಾಕಿ."

"ನೀವು ಐದು ಜನಕ್ಕೆ ಕೊಡಿ ಅಂದ್ರಿ. ಗಾಳಿ ಸ್ವಲ್ಪ ಧಾರಾಳ ಮಾಡಿದೆ."

"ತಮಾಷೆ ಅಲ್ಲ ಅಣ್ಣ ಇದು. ಯಾರಾದ್ರೂ ಕೈತಪ್ಪಿ ಅಳಿಸಿದ್ರೆ ಹದಿನೆಂಟು ವರ್ಷದ್ದು ಹೋಗುತ್ತೆ."

"ನಾಲ್ಕು ಗಂಟೆವರೆಗೂ ನೋಡೋಣ," ಅಂದ.

ಅವತ್ತು ನಾವು ಮೂರು ಜನ ಆ ಅಂಗಡಿಯಲ್ಲಿ, ಬಿಚ್ಚಿಟ್ಟ ರೇಡಿಯೋಗಳ ನಡುವೆ ಕೂತು, ಪರದೆ ನೋಡುತ್ತ ದಿನ ಕಳೆದೆವು. ಮೊನ್ನೆ ಕೀಲಿ ಹಂಚಬೇಕು ಅಂದವಳು ನಿಮಿಷಕ್ಕೊಮ್ಮೆ ಪರದೆಗೆ ಬಗ್ಗುತ್ತಿದ್ದಳು, ಕೊಡಲ್ಲ ಅಂದವನು ಕಡಲೆಕಾಯಿ ತಿನ್ನುತ್ತಿದ್ದ. ನನಗೆ ಹೆಚ್ಚು ಭಯ ಇದ್ದದ್ದು ಹೆಸರಿನ ಬಗ್ಗೆ. ನಲವತ್ತಮೂರು ಜನ ಮುನಿಸಿಕೊಂಡವರ ಕೈಯಲ್ಲೂ ಕೀಲಿ ಇತ್ತು. ಒಂದು ಸಾಲು ತಿದ್ದಿದರೆ ಬೇಕಾದ ಹೆಸರು. ಪರದೆಯ ತಲೆಯ ಮೇಲೆ 'ಪಂಚೆ' ಅನ್ನುವುದು ಹಾಗೇ ಇತ್ತು. ಹನ್ನೊಂದಾಯಿತು, ಎರಡಾಯಿತು, 'ಪಂಚೆ' ಹಾಗೇ ಇತ್ತು.

ಮೂರು ಗಂಟೆಗೆ ಸ್ಟೀಫನ್ ಬನ್ನಿನ ತಟ್ಟೆ ಹಿಡಿದು ಬಂದ. ಬಹಳ ಹೊತ್ತು ಬನ್ನಿನ ವಿಷಯವನ್ನೇ ಮಾತಾಡಿ, ಆಮೇಲೆ, "ಬೆಳಿಗ್ಗೆ ಒಂದ್ಸಲ ಹಾಕಿ ನೋಡ್ದೆ, ತಂಗಾಳಿ ಅಂತ," ಅಂದ. "ಚೆನ್ನಾಗೇ ಕಾಣ್ತಿತ್ತು. ಸೇರಿಸದೆ ಅಳಿಸಿಬಿಟ್ಟೆ."

"ಯಾಕೆ?" ಅಂದಳು ಜೋಹರಾ.

"ಮೂರು ದಿನ ತೂಗಿಸಿರಲಿಲ್ಲವಲ್ಲಮ್ಮ," ಅಂದ, ಇದೇನು ಕೇಳುವ ಪ್ರಶ್ನೆಯೇ ಅನ್ನುವ ಹಾಗೆ.

ಅಶ್ವತ್ಥಯ್ಯ ಮೇಷ್ಟ್ರು ರಟ್ಟನ್ನು ಒಂದು ಲಕೋಟೆಯಲ್ಲಿ ಹಾಕಿಕೊಂಡು ಬಂದರು. ಅದೇನೆಂದು ಅವರಿಗೆ ಮಧ್ಯಾಹ್ನವಷ್ಟೇ ಯಾರೋ ಹೇಳಿದ್ದರು. ಶಿಷ್ಯನ ಎದುರು ನಿಂತು ತಪ್ಪಾಯಿತು ಅಂದರು. ಅವರ ಬಾಯಿಂದ ಆ ಮಾತು ಈ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಂಜುಂಡಿ ಕುರ್ಚಿ ಒರೆಸಿ ಕೂರಿಸಿ, ನೀವು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಮೇಷ್ಟ್ರೇ ಅಂದ. ನಾಲ್ಕು ಹೊಡೆಯಿತು. ಮೇಷ್ಟ್ರ ಕೈಯಲ್ಲಿ ಲಕೋಟೆ, ಜೋಹರಾಳ ಕೈಯಲ್ಲಿ ಹೆಲ್ಮೆಟ್ಟು, ನನ್ನದು ಕನ್ನಡಕ. ನಂಜುಂಡಿಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಸ್ಟೀಫನ್ ಅವನಿಗೆ ಒಂದು ಬನ್ನು ಕೊಟ್ಟ. ಅದನ್ನೇ ಹಿಡಿದುಕೊಂಡು ನಿಂತ.

ಗಾಳಿ ಹೋದ ಮೇಲೆ ಬನ್ನು ತಿಂದು, ಕೈ ಒರೆಸಿಕೊಂಡು, ಹಳೆಯ ಕೀಲಿ ರದ್ದು ಮಾಡಿ ಐದು ಹೊಸ ಕೀಲಿ ಮಾಡಿದ. ಜೋಹರಾ, ಸ್ಟೀಫನ್, ಗರಡಿಯ ಹನುಮಂತು, ಗಿರಿಜಮ್ಮ, ನಾನು. ನಿಮ್ಮದೆಲ್ಲಿ ಎಂದು ಜೋಹರಾ ಕೇಳಿದಳು. ಒಂದು ವರ್ಷ ಇಲ್ಲದೆ ಇದ್ದು ನೋಡುತ್ತೇನೆ ಅಂದ. ಸಭೆಯಲ್ಲಿ ನಕಲಿನ ಮಾತು ಎತ್ತಿದ್ದು ತಪ್ಪು ಎಂದು ಅವಳು ಹೆಲ್ಮೆಟ್ಟಿನ ಪಟ್ಟಿ ನೋಡುತ್ತ ಹೇಳಿದಳು. "ನಕಲು ಮಾಡ್ಕೊಳ್ಳಿ ಅಂತ ಬರ್ದೋನು ನಾನೇ ಅಲ್ವಾ?" ಅಂದ ಅವನು.

ಮುಂದಿನ ಭಾನುವಾರದ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಗಿರಿಜಮ್ಮ ಮೊದಲ ಸಲ ಬಂದಿದ್ದಳು. ಎಲ್ಲರೂ ಅವಳನ್ನು ಬಲ್ಲವರೇ, ಅರ್ಧ ಊರು ಅವಳ ಮಜ್ಜಿಗೆ ಕುಡಿದಿತ್ತು. ಹೆಸರಿನ ಮಾತು ಬಂದಾಗ ಅವಳು ಎದ್ದು, "ಒಂದು ದಿನ ಪೂರ್ತಿ ಕೀಲಿ ಮೇಷ್ಟ್ರ ಕೈಲೇ ಇತ್ತು, ಏನೂಂತ ಗೊತ್ತಾದ ಮೇಲೂ ಅವರು ಹೆಸರು ಮುಟ್ಟಲಿಲ್ಲ. ಪಾಪ, ಅವರ ಪಂಚೆ ಅವರಿಗೆ ಕೊಟ್ಬಿಡಿ," ಅಂದಳು. ಯಾರೂ ಬೇಡ ಅನ್ನಲಿಲ್ಲ. ಹನುಮಂತುವೇ ಎದ್ದು ಹಲಗೆಯ ಮೇಲಿನ ನಲವತ್ತಮೂರನ್ನೂ ಒರೆಸಿದ. ಖಾಲಿಯಾದ ಹಲಗೆಯ ಒಂದು ಮೂಲೆಯಲ್ಲಿ ಜೋಹರಾ 'ನಾಲ್ಕು ಗಂಟೆ' ಎಂದು ಬರೆದಳು. ಅದು ಯಾರ ಹೆಸರೂ ಅಲ್ಲದ್ದರಿಂದ ಎಲ್ಲರಿಗೂ ಒಪ್ಪಿಗೆಯಾಯಿತು. ಪದ್ಧತಿಯಂತೆ ಮೂರು ದಿನ ತೂಗಿ ನಿಂತಿತು. ನೋಂದಣಿ ಗುಮಾಸ್ತ ಇದು ಗಡಿಯಾರ ರಿಪೇರಿಯೋ ಎಂದು ಕೇಳುವಷ್ಟರಲ್ಲಿ ಅವಳು ಮೊಹರು ಹಾಕಿಸಿಕೊಂಡಿದ್ದಳು. ಈಗ ನಮ್ಮದು ನಾಲ್ಕು ಗಂಟೆ ಪ್ರತಿಷ್ಠಾನ. ಸಾಮಾನು ಕಳೆದವರು ಇವತ್ತಿಗೂ 'ಪಂಚೇಲಿ ನೋಡು' ಅನ್ನುತ್ತಾರೆ, ಆದರೆ ಮೇಷ್ಟ್ರು ಹತ್ತಿರದಲ್ಲಿ ಇಲ್ಲದಾಗ, ಸಣ್ಣ ದನಿಯಲ್ಲಿ.

ಕೀಲಿ ಕೊಟ್ಟ ಮೂರನೆಯ ವಾರ ನಂಜುಂಡಿ ಒಂದು ತಿದ್ದುಪಡಿ ಬರೆದು ಎಲ್ಲರ ಹಾಗೆ ತೂಗುಹಾಕಿದ. ಹದಿನೆಂಟು ವರ್ಷದಲ್ಲಿ ಅವನು ಬರೆದದ್ದು ಯಾವತ್ತೂ ತೂಗಿರಲಿಲ್ಲ. ಕೀಲಿ ಅವನದೇ ಆಗಿದ್ದರಿಂದ ಬರೆದ, ಸೇರಿಸಿದ, ಮುಗಿಯಿತು. ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಎರಡನೆಯ ದಿನ ಅವನು ನನ್ನ ಹೊಸ್ತಿಲಿನ ಬಣ್ಣ ಒಣಗಿದೆಯೋ ನೋಡಲು ಬಂದ. ಒಣಗಿ ಎರಡು ವಾರ ಆಗಿತ್ತು. ಯಾರಾದರೂ ನೋಡಿದರಾ ಅಕ್ಕಾ ಎಂದು, ಬಣ್ಣ ಕೆರೆಯುತ್ತ ಕೇಳಿದ. ಹಿರಿಯನದು ಎಂದು ಸುಮ್ಮನೆ ಬಿಟ್ಟುಬಿಡುತ್ತಾರೇನೋ ಎಂದು ನನಗೂ ಒಳಗೊಳಗೇ ಹೆದರಿಕೆಯಿತ್ತು.

ಮೂರನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು ಹಿಡಿದುಕೊಂಡು ಬಂದ. ಜೋಹರಾ 'ಬೇಡ' ಅಂದಿದ್ದಳು. ಬರೀ ಬೇಡ ಅಲ್ಲ, ಒಂದು ಪುಟ ಕಾರಣ. ಅದರ ಕೆಳಗೆ ಗಿರಿಜಮ್ಮನ ಎರಡು ಪ್ರಶ್ನೆ, ಅವಕ್ಕೆ ಸ್ಟೀಫನ್‌ನ ಉತ್ತರ, ಆ ಉತ್ತರ ತಪ್ಪು ಎಂದು ಹನುಮಂತು. ನಂಜುಂಡಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಎಲ್ಲವನ್ನೂ ನನಗೆ ಗಟ್ಟಿಯಾಗಿ ಓದಿ ಹೇಳಿದ. ನಡುನಡುವೆ ನಿಲ್ಲಿಸಿ, ಇವಳಿಗೆ ಏನು ಗೊತ್ತು ಅಂದ, ಮುಂದಕ್ಕೆ ಓದಿ ಓಹೋ ಅಂದ, ಮತ್ತೆ ಹಿಂದಕ್ಕೆ ಹೋದ. ಇಡ್ಲಿ ಆರುತ್ತಿದೆ ಅಂದೆ. ಕೇಳಿಸಲಿಲ್ಲ. ನನ್ನ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು, ನನ್ನ ಪೆನ್ನು ತೆಗೆದುಕೊಂಡು, ಬರೆಯತೊಡಗಿದ.

"ಎರಡನೇ ಸಾಲಿಗೆ ಜೋಹರಾ ಹೇಳಿದ್ದು ಸರಿಯಕ್ಕಾ, ತಿದ್ತೀನಿ," ಅಂದ, ತಲೆ ಎತ್ತದೆ. "ಮೂರನೇದಕ್ಕೆ ಮಾತ್ರ ನಾನು ಬಿಡಲ್ಲ."